ಪರವಾಗಿಯವರು ಮಾರಿದ ಮನೆಗಳು

ಇದನ್ನು ಬರೆಯುತ್ತಿರುವ ಮಹಾಶಯ ನೋಂದಣಿ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಒತ್ತುವವನು. ಮನೆ ಮಾರುವವರನ್ನೂ ಕೊಳ್ಳುವವರನ್ನೂ ಒಬ್ಬೊಬ್ಬರಾಗಿ ಸ್ಟೂಲಿನ ಮೇಲೆ ಕೂರಿಸಿ, ಸ್ವಲ್ಪ ಗಲ್ಲ ಎತ್ತಿ ಅಂದು ಫೋಟೋ ತೆಗೆದು, ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸುವುದು ಅವನ ಕೆಲಸ. ಪತ್ರ ಓದುವುದು ಅವನ ಕೆಲಸವಲ್ಲ. ಓದುವುದಕ್ಕೆ ಬೇರೆ ಸಂಬಳ ಕೊಡಬೇಕಾಗುತ್ತದೆ ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತದ ಫಲವಾಗಿ, ಸೇರಿದ ಮೊದಲ ವರ್ಷವಿಡೀ ಅವನು ಒಬ್ಬ ಮನುಷ್ಯನನ್ನು ಊರಿನ ಅತಿ ದೊಡ್ಡ ಶ್ರೀಮಂತನೆಂದು ನಂಬಿಕೊಂಡಿದ್ದ.

ನಂಬದೇ ಏನು ಮಾಡಬೇಕಿತ್ತು? ಆ ಮನುಷ್ಯ ಆಗಾಗ ಬರುತ್ತಿದ್ದರು, ಮಾರುವವರ ಸ್ಟೂಲಿನ ಮೇಲೆ ಕೂರುತ್ತಿದ್ದರು, ಒಂದು ಮನೆ ಮಾರಿ ಹೋಗುತ್ತಿದ್ದರು. ಒಮ್ಮೆ ಪೇಟೆಯ ಮಳಿಗೆ, ಇನ್ನೊಮ್ಮೆ ಸೇತುವೆ ಆಚೆಯ ನಿವೇಶನ, ಮತ್ತೊಮ್ಮೆ ಮಹಡಿ ಮನೆಯ ಅರ್ಧ ಭಾಗ. ಮುಖದಲ್ಲಿ ಮಾರಿದ ದುಃಖವಾಗಲಿ ಹಣ ಬಂದ ಸುಖವಾಗಲಿ ಎಳ್ಳಷ್ಟೂ ಇರುತ್ತಿರಲಿಲ್ಲ. ಕಾಲಲ್ಲಿ ಮಾತ್ರ ಎರಡು ಕಡೆ ಹೊಲಿಸಿದ ಕಂದು ಚಪ್ಪಲಿ. ನಿಜವಾದ ಹಣವಂತರು ಹೀಗೇ ಇರುತ್ತಾರೆ, ಮಿರಿಮಿರಿ ಚಪ್ಪಲಿ ಹಾಕುವವರೆಲ್ಲ ಕಂತು ಕಟ್ಟುವವರು ಎಂದು ನಮ್ಮ ಮಹಾಶಯ ಮನೆಯಲ್ಲಿ ತಾಯಿಗೆ ಪಾಠ ಮಾಡಿದ್ದ. ಅವರು ಬಂದರೆ ಎದ್ದು ನಿಲ್ಲುತ್ತಿದ್ದ. ಸ್ಟೂಲು ಒರೆಸುತ್ತಿದ್ದ. ಸ್ವಂತ ಕಾಸಿನಲ್ಲಿ ಟೀ ತರಿಸುತ್ತಿದ್ದ. ಕೊನೆಗೊಂದು ದಿನ ಧೈರ್ಯ ಮಾಡಿ, ಹಲ್ಲು ಗಿಂಜುತ್ತಾ ಕೇಳಿಯೇ ಬಿಟ್ಟ: "ಸರ್, ಇಷ್ಟೊಂದು ಮಾರ್ತಾ ಇದೀರಾ. ಬಾಡಿಗೆಗೆ ಕೊಡೋ ಹಾಗೆ ಒಂದು ಸಣ್ಣ ಮನೆ ಏನಾದ್ರೂ ಉಳಿದಿದೆಯಾ?"

ಅವರು ಟೀ ಲೋಟ ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ನಾನಿರೋದೇ ಬಾಡಿಗೆ ಮನೇಲಿ ಕಣಪ್ಪಾ. ಬೇಕಾದ್ರೆ ಓನರ್ ನಂಬರ್ ಕೊಡ್ತೀನಿ. ಜಾಸ್ತಿ ಹೇಳ್ತಾನೆ, ಚೌಕಾಸಿ ಮಾಡು."

ಅವತ್ತು ಮಹಾಶಯ ಮೊದಲ ಬಾರಿಗೆ ತಾನೇ ಸ್ಕ್ಯಾನ್ ಮಾಡಿದ ಪತ್ರವನ್ನು ಓದಿದ. ಮಾರಾಟಗಾರನ ಹೆಸರು ಯಾವುದೋ ಬೇರೆಯವನದು. ಅದರ ಕೆಳಗೆ, ನ್ಯಾಯಾಲಯದ ಆದೇಶದಂತೆ ಅವರ ಪರವಾಗಿ ಎಂದು ಬರೆದು, ಆಮೇಲೆ ಇವರ ಸಹಿ. ಪಕ್ಕದಲ್ಲಿ ಇವರ ಫೋಟೋ, ತಾನೇ ಗಲ್ಲ ಎತ್ತಿಸಿ ತೆಗೆದದ್ದು. ಕಚೇರಿಯ ಜವಾನನಿಂದ ಹಿಡಿದು ಹೊರಗಿನ ಪತ್ರ ಬರಹಗಾರರವರೆಗೆ ಎಲ್ಲರಿಗೂ ಇದು ಗೊತ್ತಿತ್ತು. ಅವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಪರವಾಗಿ ಎಂದು. ಎದುರಿಗಾದರೆ ಪರವಾಗಿಯವರು. ಟೀ ಕಾಸು ಮಾತ್ರ ಯಾರೂ ವಾಪಸು ಕೊಡಲಿಲ್ಲ.

ಅವರು ಕೋರ್ಟಿನ ಗುಮಾಸ್ತ. ಅವರಪ್ಪ ಅದೇ ಕೋರ್ಟಿನ ಪಡಸಾಲೆಯಲ್ಲಿ ಕಕ್ಷಿದಾರರ ಹೆಸರು ಕೂಗುವ ಜವಾನನಾಗಿದ್ದರು. ಆ ಗಂಟಲಿಗೆ ಪಾರಿವಾಳಗಳು ಮಾಡು ಬಿಟ್ಟು ಹಾರುತ್ತಿದ್ದವಂತೆ. ಮಗನಿಗೆ ಗಂಟಲು ಬರಲಿಲ್ಲ, ಅಕ್ಷರ ಬಂತು. ನಕಲು ವಿಭಾಗದಲ್ಲಿ ತೀರ್ಪುಗಳನ್ನು ಪ್ರತಿ ಮಾಡುತ್ತಾ ಯೌವನ ಕಳೆದರು. ಇಷ್ಟು ತೀರ್ಪು ಬರೆದು ಬರೆದು ಅವರಿಗೆ ಕಾನೂನಿನ ಮೇಲೆ ಗೌರವ ಬಂತೋ ಇಲ್ಲವೋ ಗೊತ್ತಿಲ್ಲ, ಮನುಷ್ಯರ ಮೇಲಿದ್ದದ್ದು ಪೂರ್ತಿ ಹೋಯಿತು.

ಯಾಕೆಂದರೆ ಅವರು ನೋಡುತ್ತಿದ್ದದ್ದು ರಾಜಿಯಾದವರನ್ನು. ಜಗಳವಾಡುವವರಿಗಾದರೂ ಒಂದು ಮರ್ಯಾದೆ ಇರುತ್ತದೆ. ರಾಜಿಯಾದವನ ಕಥೆಯೇ ಬೇರೆ. ಮನೆ ಬರೆದುಕೊಡುತ್ತೇನೆ ಎಂದು ಇವನು ಒಪ್ಪುತ್ತಾನೆ, ಹಣ ಕಟ್ಟುತ್ತೇನೆ ಎಂದು ಅವನು ಒಪ್ಪುತ್ತಾನೆ, ನ್ಯಾಯಾಧೀಶರು ಅದನ್ನು ಇಬ್ಬರಿಗೂ ಓದಿ ಹೇಳುತ್ತಾರೆ, ರಾಜಿಯೇ ತೀರ್ಪಾಗುತ್ತದೆ. ವಕೀಲರು ಕೈ ಕುಲುಕಿ ಕ್ಯಾಂಟೀನಿಗೆ ನಡೆಯುತ್ತಾರೆ. ಮನೆಗೆ ಹೋಗಿ ಮಲಗಿ ಎದ್ದ ಮೇಲೆ ಬರೆದುಕೊಡಬೇಕಾದವನಿಗೆ ತನ್ನ ಸಹಿಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತದೆ. ನಿನ್ನೆಯವರೆಗೆ ಕೊರಿಯರ್ ಹುಡುಗ ಚಾಚಿದ ಕಾಗದದ ಮೇಲೆಲ್ಲ ಗೀಚುತ್ತಿದ್ದ ಸಹಿ ಈಗ ಪಿತ್ರಾರ್ಜಿತ ಆಭರಣವಾಗುತ್ತದೆ. ನಾನು ಸಹಿ ಹಾಕದೆ ಅದು ಹೇಗೆ ಮನೆ ಹೋಗುತ್ತದೋ ನೋಡೇ ಬಿಡುತ್ತೇನೆ ಎಂದು ಎದೆ ಉಬ್ಬಿಸುತ್ತಾನೆ.

ಆಗ ಹಣ ಕಟ್ಟಿದವನು ಮತ್ತೆ ಕೋರ್ಟಿಗೆ ಹೋಗಬೇಕು. ತೀರ್ಪನ್ನು ಜಾರಿ ಮಾಡಿಸಿ ಎಂದು ಬೇಡಲು ಹಾಕುವ ಅರ್ಜಿಗೆ ಅಮಲ್ಜಾರಿ ಅರ್ಜಿ ಎನ್ನುತ್ತಾರೆ. ಕ್ರಯಪತ್ರದ ಕರಡು ಬರೆದು ಕೊಡಬೇಕು. ಅದನ್ನು ಕೋರ್ಟು ಸಹಿ ವೀರನಿಗೆ ಕಳಿಸಿ, ಆಕ್ಷೇಪಣೆ ಇದ್ದರೆ ಹೇಳಪ್ಪಾ ಎಂದು ಕೇಳುತ್ತದೆ. ಅವನು ಆಕ್ಷೇಪಿಸುತ್ತಾನೆ, ಮುನಿಸಿಕೊಳ್ಳುತ್ತಾನೆ, ಮಾಯವಾಗುತ್ತಾನೆ. ಕಡೆಗೆ ನ್ಯಾಯಾಧೀಶರು ಕರಡನ್ನು ಒಪ್ಪಿ, ಛಾಪಾ ಕಾಗದದ ಮೇಲೆ ಇಳಿಸಿ, ಇವನ ಪರವಾಗಿ ಸಹಿ ಹಾಕಿ ನೋಂದಾಯಿಸಿ ಬಾ ಎಂದು ಕೋರ್ಟಿನ ಒಬ್ಬ ನೌಕರನನ್ನು ಕಳಿಸುತ್ತಾರೆ. ಮೊದಲ ಸಲ ಹೀಗೆ ಕಳಿಸಬೇಕಾದಾಗ ಹೊರಗೆ ಸುಡುಬಿಸಿಲು, ಉಳಿದ ಗುಮಾಸ್ತರೆಲ್ಲ ಕಡತಗಳ ಹಿಂದೆ ತಲೆ ಬಗ್ಗಿಸಿದರು. ತಲೆ ಎತ್ತಿದ್ದವರು ಇವರೊಬ್ಬರೇ. ಆಮೇಲೆ ಅದು ಇವರದೇ ಕೆಲಸವಾಯಿತು. ಕಚೇರಿಗಳಲ್ಲಿ ಪ್ರತಿಭೆಯನ್ನು ಗುರುತಿಸುವ ಕ್ರಮ ಇದು.

ಇವರಿಗೆ ಒಂದು ಪದ್ಧತಿ ಇತ್ತು. ಯಾವ ನಿಯಮದಲ್ಲೂ ಬರೆದದ್ದಲ್ಲ. ನೋಂದಣಿ ಕಚೇರಿಯಲ್ಲಿ ಪೆನ್ನಿನ ಕ್ಯಾಪ್ ತೆಗೆಯುವ ಮುನ್ನ ಎದ್ದು ಬಾಗಿಲಿಗೆ ಹೋಗಿ, ಯಾರ ಪರವಾಗಿ ಸಹಿ ಹಾಕಬೇಕೋ ಅವನ ಪೂರ್ತಿ ಹೆಸರನ್ನು ಒಮ್ಮೆ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಅಪ್ಪನ ಗಂಟಲಲ್ಲ, ಒಡಕು ದನಿ. ಆಮೇಲೆ ತಮ್ಮ ಪಕ್ಕ ಒಂದು ಖಾಲಿ ಕುರ್ಚಿ ಎಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ಪೆನ್ನು ಕಾಗದ ಮುಟ್ಟುವವರೆಗೂ ಮನುಷ್ಯನಿಗೆ ನೆಟ್ಟಗಾಗಲು ಅವಕಾಶವಿದೆ ಎನ್ನುತ್ತಿದ್ದರು. ಯಾರಾದರೂ ನೆಟ್ಟಗಾದರೇ ಎಂದು ಕೇಳಿದರೆ, ಒಬ್ಬ ಬಂದಿದ್ದ, ಟಾಯ್ಲೆಟ್ ಎಲ್ಲಿದೆ ಅಂತ ಕೇಳಿ ಹೋದ ಎನ್ನುತ್ತಿದ್ದರು.

ಹೀಗೆ ಊರವರ ಆಸ್ತಿಯನ್ನೆಲ್ಲ ಮಾರಿಕೊಂಡು ಆರಾಮಾಗಿದ್ದವರ ಮೇಜಿನ ಮೇಲೆ ಒಂದು ದಿನ ಭಾವನ ಕಡತ ಬಂದು ಕೂತಿತು. ಭಾವ ಎಂದರೆ ಹೆಂಡತಿಯ ಒಡಹುಟ್ಟಿದ ಅಣ್ಣ.

ಭಾವನದು ಬೀದಿ ಮೂಲೆಯಲ್ಲಿ ಮಹಡಿ ಮನೆ. ಕೆಳಗಿನ ಭಾಗದಲ್ಲಿ ಬಹಳ ಕಾಲದಿಂದ ಬಾಡಿಗೆಗಿದ್ದವರು ಹೊಲಿಗೆಯಮ್ಮ. ಮುಂದಿನ ಕೋಣೆಯಲ್ಲಿ ಎರಡು ಮಿಷನ್, ಒಂದು ಇಸ್ತ್ರಿ ಮೇಜು, ಗೋಡೆಗೆ ಕತ್ತರಿಸಿದ ರಟ್ಟಿನ ಅಳತೆಗಳು. ಹಿಂದಿನ ಕೋಣೆಯಲ್ಲಿ ಸಂಸಾರ ಎನ್ನುವಷ್ಟು ಸಾಮಾನು ಮತ್ತು ಕಿವಿ ಕೇಳದ ತಾಯಿ. ಆ ಬೀದಿಯ ಶಾಲಾ ಸಮವಸ್ತ್ರಗಳೆಲ್ಲ ಅವರ ಕೈಯಿಂದಲೇ ಹೋಗಬೇಕು. ಕೆಳಭಾಗವನ್ನು ನಿಮಗೇ ಮಾರುತ್ತೇನೆ ಎಂದು ಭಾವ ಮುಂಗಡ ತೆಗೆದುಕೊಂಡು, ಕಾರು ಕೊಂಡು, ಮಾರುವುದನ್ನು ಮರೆತ. ಹೊಲಿಗೆಯಮ್ಮ ದಾವೆ ಹಾಕಿದರು. ಸೋಲುವುದು ಖಚಿತವಾದಾಗ ಭಾವನೇ ರಾಜಿಗೆ ಬಂದ. ಕೋರ್ಟಿನಲ್ಲಿ ಕಣ್ಣು ಒದ್ದೆ ಮಾಡಿಕೊಂಡು, ಆಕೆ ನನ್ನ ತಂಗಿ ಇದ್ದ ಹಾಗೆ ಎಂದ. ನಿಜವಾದ ತಂಗಿಯನ್ನು ಹೇಗೆ ನೋಡಿಕೊಂಡಿದ್ದ ಎಂದು ಗೊತ್ತಿದ್ದ ಪರವಾಗಿಯವರು ಅವತ್ತು ಅದೇ ಕೋರ್ಟ್ ಹಾಲಿನಲ್ಲಿ ಕಡತ ಕಟ್ಟುತ್ತಿದ್ದರು. ದಾರ ಕಿತ್ತು ಬಂತು.

ಹೊಲಿಗೆಯಮ್ಮ ಬಾಕಿ ಹಣವನ್ನು ಹೇಳಿದ ದಿನಕ್ಕೆ ಕೋರ್ಟಿಗೆ ಕಟ್ಟಿದರು. ಒಂದು ಮಿಷನ್ ಆ ಹಣದೊಳಗೆ ಹೋಯಿತು. ಅಷ್ಟರಲ್ಲಿ ಆ ಬೀದಿಯನ್ನು ಅಗಲ ಮಾಡುತ್ತಾರೆಂಬ ಸುದ್ದಿ ಬಂತು, ಜಾಗದ ಬೆಲೆ ಏರಿತು, ಭಾವನ ಬಲಗೈ ನೋಯಲು ಶುರುವಾಯಿತು.

ಹೊಲಿಗೆಯಮ್ಮ ಅಮಲ್ಜಾರಿ ಅರ್ಜಿ ಹಾಕಿದರು. ಭಾವ ಮೊದಲು ನೋಟಿಸು ತೆಗೆದುಕೊಳ್ಳಲಿಲ್ಲ. ಕೋರ್ಟಿನವರು ಬಾಗಿಲಿಗೆ ಅಂಟಿಸಿ ಬಂದರು. ಕರಡಿಗೆ ಆಕ್ಷೇಪಣೆ ಹಾಕಿದ: ಕೆಳಭಾಗ ಕೊಡುತ್ತೇನೆ ಎಂದಿದ್ದೆನೇ ಹೊರತು ಮೆಟ್ಟಿಲಿನ ಕೆಳಗಿನ ಜಾಗ ಕೊಡುತ್ತೇನೆ ಎಂದಿರಲಿಲ್ಲ. ಆ ಜಾಗದಲ್ಲಿ ಹೊಲಿಗೆಯಮ್ಮ ಚಿಂದಿ ಬಟ್ಟೆಯ ಚೀಲ ಇಡುತ್ತಿದ್ದರು. ಚಿಂದಿಯ ಮೇಲೆ ವಾದ ನಡೆಯಿತು. ಕರಿಕೋಟು ಹಾಕಿದ ಇಬ್ಬರು ಓದಿದ ಗಂಡಸರು ಮೆಟ್ಟಿಲು ಎಲ್ಲಿ ಮುಗಿಯುತ್ತದೆ, ಅದರ ಕೆಳಗು ಎಲ್ಲಿ ಶುರುವಾಗುತ್ತದೆ ಎಂದು ಬೆವರು ಸುರಿಸಿದರು. ಆಕ್ಷೇಪಣೆ ಬಿದ್ದುಹೋಯಿತು. ಮುಂದಿನ ದಿನಾಂಕಕ್ಕೆ ಭಾವ ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು ಬಂದ. ಸಹಿ ಹಾಕಲು ಆಗುವುದಿಲ್ಲ ಸ್ವಾಮಿ ಎಂದ. ಅದೇ ಕೈಯಲ್ಲಿ ಐದು ನಿಮಿಷದ ಹಿಂದೆ ಕ್ಯಾಂಟೀನಿನಲ್ಲಿ ಬಿಸಿ ಟೀ ಲೋಟ ಎತ್ತಿದ್ದನ್ನು ಅರ್ಧ ಕೋರ್ಟು ನೋಡಿತ್ತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಬ್ಯಾಂಡೇಜು ನೋಡಿ, ಪಾಪ ನಿಮ್ಮ ಕೈಗೆ ತೊಂದರೆ ಬೇಡ, ನಮ್ಮಲ್ಲೇ ಕೈಗಳಿವೆ ಎಂದು ಆದೇಶ ಬರೆಸಿದರು. ಮರುದಿನವೇ ನೋಂದಣಿ. ಅದರ ಮಾರನೆಯ ದಿನದಿಂದ ಕೋರ್ಟಿಗೆ ಉದ್ದನೆಯ ರಜೆ.

ಪರವಾಗಿಯವರು ಆ ಸಂಜೆಯೇ ನ್ಯಾಯಾಧೀಶರ ಕೊಠಡಿಗೆ ಹೋಗಿ, ಮಾರಬೇಕಾದವರು ನನ್ನ ಹೆಂಡತಿಯ ಅಣ್ಣ, ಬೇರೆಯವರನ್ನು ಕಳಿಸಿದರೆ ಒಳ್ಳೆಯದು ಎಂದರು. ಒಳಗೊಳಗೆ ಬಿಡುಗಡೆಯ ಆಸೆಯೂ ಇತ್ತು, ಅದಕ್ಕಾಗಿ ತಮ್ಮ ಮೇಲೇ ಅಸಹ್ಯವೂ ಇತ್ತು. ನ್ಯಾಯಾಧೀಶರು ಎರಡೂ ಕಡೆಯ ವಕೀಲರನ್ನು ಕರೆಸಿ ಕೇಳಿದರು. ಹೊಲಿಗೆಯಮ್ಮನ ವಕೀಲರು ತಮ್ಮದೇನೂ ತಕರಾರಿಲ್ಲ ಎಂದರು. ಭಾವನ ವಕೀಲನಂತೂ ಖುಷಿಯಲ್ಲೇ ತಲೆಯಾಡಿಸಿದ. ಮನೆಯವನೇ ಆದರೆ ದಾರಿ ಸುಲಭ ಎಂದು ಅವನ ಲೆಕ್ಕ.

"ತೀರ್ಮಾನ ಮಾಡೋದು ನಾನು, ನೀವಲ್ಲ. ನೀವು ಬರೀ ಕೈ," ಎಂದರು ನ್ಯಾಯಾಧೀಶರು. "ಹೋಗಿ ಬನ್ನಿ."

ಮನೆಗೆ ಬಂದರೆ ಭಾವ ಆಗಲೇ ಇವರ ಕುರ್ಚಿಯಲ್ಲಿ ಕೂತಿದ್ದ. ಬಾಡಿಗೆ ಮನೆಯಲ್ಲಿ ಕೈಯಿರುವ ಕುರ್ಚಿ ಇದ್ದದ್ದೇ ಅದೊಂದು. ಬ್ಯಾಂಡೇಜು ಬಿಚ್ಚಿ ಜೇಬಿಗೆ ತುರುಕಿದ್ದ, ಒಂದು ತುದಿ ಹೊರಗೆ ಜೋತಾಡುತ್ತಿತ್ತು. ಹೆಂಡತಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಮುಖ ನೋಡಿದರೆ ಮಾತು ಅರ್ಧ ಮುಗಿದಿದೆ ಎಂದು ಗೊತ್ತಾಗುತ್ತಿತ್ತು.

ಭಾವ ಗಂಟಲು ಸರಿಮಾಡಿಕೊಂಡು, ತಾನು ಸಹಿ ಹಾಕಬೇಡ ಎಂದೇನೂ ಹೇಳುವುದಿಲ್ಲ ಎಂದ. ಅದು ಸರ್ಕಾರಿ ಕೆಲಸ, ಅದಕ್ಕೆ ಗೌರವ ಕೊಡಬೇಕು. ಆದರೆ ಮನುಷ್ಯನಿಗೆ ಒಂದು ದಿನ ಹೊಟ್ಟೆನೋವು ಬರಬಾರದು ಎಂದು ಯಾವ ಕಾನೂನೂ ಹೇಳಿಲ್ಲ. ಆಮೇಲೆ ಹೇಗೂ ಕೋರ್ಟಿಗೆ ರಜೆ. ರಜೆಯಲ್ಲಿ ತನಗೊಬ್ಬ ಗಿರಾಕಿ ಇದ್ದಾನೆ. ಕೆಳಭಾಗವನ್ನು ಅವನಿಗೆ ಬರೆದುಕೊಟ್ಟರೆ, ಮಹಡಿಯ ಮೇಲಿನ ಹಿಂಭಾಗ, ಎರಡು ಕೋಣೆ, ಪ್ರತ್ಯೇಕ ಮೆಟ್ಟಿಲು, ತಂಗಿಯ ಹೆಸರಿಗೆ.

"ಎಷ್ಟು ವರ್ಷ ಅಂತ ಬೇರೆಯವರ ಮನೆ ಸುಣ್ಣಕ್ಕೆ ನೀವು ದುಡ್ಡು ಕೊಡ್ತೀರಪ್ಪಾ? ನಾನು ಅಣ್ಣ ಅಲ್ವಾ? ಅವಳಿಗೆ ಕೊಡಬೇಕು ಅಂತ ನನಗೆ ಯಾವತ್ತಿನಿಂದಲೋ ಇದೆ."

"ಕೊಡಬೇಕು ಅಂತ ಇರೋದು ನಿಮಗೆ ಹೊಸದಲ್ಲ ಭಾವ," ಎಂದರು ಪರವಾಗಿಯವರು, ಗೋಡೆಗೆ ಒರಗಿಕೊಂಡು.

ಭಾವ ನಕ್ಕ. ಈ ಮಾತು ಒಪ್ಪಿಗೆಯ ಕಡೆ ವಾಲುತ್ತದೆ ಎಂದು ಅವನಿಗೆ ಅನ್ನಿಸಿತು. ತನ್ನ ಬಗ್ಗೆ ಯಾರಾದರೂ ಕೀಳಾಗಿ ಮಾತಾಡಿದರೆ ಅದು ತಮಾಷೆಯೇ ಇರಬೇಕು ಎಂದು ನಂಬುವ ಜಾತಿಯ ಮನುಷ್ಯ. ಮೆಟ್ಟಿಲಿಳಿಯುವಾಗ ಬ್ಯಾಂಡೇಜು ಬಿದ್ದುಹೋಯಿತು. ಪರವಾಗಿಯವರು ಅದನ್ನು ಎತ್ತಿ, ಸುತ್ತಿ, ಕೈಗೆ ಕೊಟ್ಟರು. ನಾಳೆ ಬೇಕಾಗಬಹುದು ಎಂದರು.

ಹೆಂಡತಿ ಅಳಲಿಲ್ಲ, ಜಗಳ ಆಡಲಿಲ್ಲ. ಪಾತ್ರೆ ತೊಳೆಯುತ್ತಾ, ಮಾಳಿಗೆ ಸೋರುವ ಜಾಗಕ್ಕೆ ಈ ಸಲವೂ ಬಕೆಟ್ಟೇ ಇಡಬೇಕಲ್ಲ ಎಂದರು. ಎರಡು ಕೋಣೆ ದೊಡ್ಡದೇನಲ್ಲ, ಆದರೆ ಒಂದು ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿರುವುದಿಲ್ಲ ಎಂದರು. ಒಂದು ದಿನದ ರಜೆ, ಅಷ್ಟೇ. ನಿಮ್ಮ ಕೋರ್ಟಿನಲ್ಲಿ ಯಾರು ರಜೆ ಹಾಕುವುದಿಲ್ಲ? ಪರವಾಗಿಯವರಿಗೂ ಆ ಎರಡು ಕೋಣೆ ಕಾಣುತ್ತಿತ್ತು. ಕಿಟಕಿ ಯಾವ ಕಡೆ ಎಂದು ಕೂಡ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅಲ್ಲೇ ಮಲಗಿದ್ದರು. ಆ ಗಿರಾಕಿಯ ಹೆಸರಿಗೆ ಪತ್ರವಾದರೆ ಹೊಲಿಗೆಯಮ್ಮ ಅವನ ಮೇಲೂ ದಾವೆ ಹಾಕಿ ಓಡಾಡಬೇಕು, ಆ ಓಡಾಟ ಮುಗಿಯುವ ಹೊತ್ತಿಗೆ ಸೂಜಿಗೆ ದಾರ ಪೋಣಿಸುವ ಕಣ್ಣು ಉಳಿದಿರುವುದಿಲ್ಲ ಎಂಬುದೂ ಗೊತ್ತಿತ್ತು. ಭಾವ ಎರಡು ಕೋಣೆ ಕೊಡುವುದಿಲ್ಲ ಎಂಬುದಂತೂ ಚೆನ್ನಾಗಿ ಗೊತ್ತಿತ್ತು. ಆದರೂ ಆಸೆ ಎನ್ನುವುದು ಎಷ್ಟು ಬೇಕೂಫ ಎಂದರೆ, ಹೊಟ್ಟೆ ಸ್ವಲ್ಪ ನೋಯುತ್ತಿದೆಯೇನೋ ಎಂದು ಅವರು ಒಮ್ಮೆ ಒತ್ತಿ ನೋಡಿಕೊಂಡರು.

ನೋಯುತ್ತಿರಲಿಲ್ಲ.

ಬೆಳಿಗ್ಗೆ ನೋಂದಣಿ ಕಚೇರಿಯಲ್ಲಿ ಹೊಲಿಗೆಯಮ್ಮ ಎಲ್ಲರಿಗಿಂತ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಕಂಪ್ಯೂಟರಿನ ಮಹಾಶಯ ಅದನ್ನು ತೆಗೆಯಿರಿ, ಫೋಟೋದಲ್ಲಿ ಬರುತ್ತದೆ ಎಂದಾಗ ಬೆಚ್ಚಿ ತೆಗೆದರು, ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಕೊರಳಿಗೇ ಹಾಕಿಕೊಂಡರು. ಮಾರುವವರು ಬರುತ್ತಾರೆಯೇ ಎಂದು ಅವರು ಕೇಳಲಿಲ್ಲ. ಬಾಗಿಲನ್ನು ಮಾತ್ರ ನೋಡುತ್ತಿದ್ದರು. ಕಂದು ಚಪ್ಪಲಿ ಒಳಗೆ ಬಂದಾಗ ಅವರ ಭುಜ ಇಳಿಯಿತು.

ರಸ್ತೆಯಾಚೆ ಟೀ ಅಂಗಡಿಯ ಮರೆಯಲ್ಲಿ ಭಾವ ನಿಂತಿದ್ದ. ತಂಗಿಯ ಗಂಡ ಬರುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿ ಹೋಗಲು ಬಂದಿದ್ದ; ಕಣ್ಣಾರೆ ನೋಡಿದ್ದು ಅವನು ಬಂದದ್ದನ್ನು. ಆದರೂ ನಂಬಿಕೆ ಬಿಡಲಿಲ್ಲ. ನಾಟಕಕ್ಕೆ ಬಂದಿರುತ್ತಾನೆ, ಕೊನೇ ಗಳಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ಏಳುತ್ತಾನೆ ಎಂದುಕೊಂಡು ಇನ್ನೊಂದು ಟೀ ಹೇಳಿದ.

ಪರವಾಗಿಯವರು ಎದ್ದು ಬಾಗಿಲಿಗೆ ಬಂದರು. ಭಾವನ ಹೆಸರನ್ನು ತಂದೆಯ ಹೆಸರು ಸಮೇತ ಕೂಗಿದರು. ಅವತ್ತು ದನಿ ಒಡೆಯಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು, ಟೀ ಅಂಗಡಿಯವನೂ ನೋಡಿದ. ಭಾವ ಕಂಬದ ಹಿಂದೆ ಸರಿದ. ಕಂಬ ಸಣ್ಣದು, ಹೊಟ್ಟೆ ಎರಡೂ ಕಡೆಯಿಂದ ಕಾಣುತ್ತಿತ್ತು. ಪರವಾಗಿಯವರು ಆ ಹೊಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ, ಪಕ್ಕಕ್ಕೆ ಖಾಲಿ ಕುರ್ಚಿ ಎಳೆದುಕೊಂಡು ಕೂತರು. ಯಾವತ್ತೂ ಕೂರುವುದಕ್ಕಿಂತ ಜಾಸ್ತಿ ಹೊತ್ತು ಕೂತರು. ನೋಂದಣಾಧಿಕಾರಿ ಎರಡು ಸಲ ಗಡಿಯಾರ ನೋಡಿದರು. ಹೊಲಿಗೆಯಮ್ಮ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದರು.

ಆಮೇಲೆ ಪೆನ್ನಿನ ಕ್ಯಾಪ್ ತೆಗೆದರು.

ಪ್ರತಿ ಹಾಳೆಗೂ ಸಹಿ ಬಿತ್ತು. ಕಂಪ್ಯೂಟರಿನವನು ಗಲ್ಲ ಎತ್ತಿ ಎಂದ, ಅವರು ಎತ್ತಿದರು. ಹೆಬ್ಬೆರಳು ಯಂತ್ರದ ಮೇಲಿರುವಾಗ ಭಾವ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬ್ಯಾಂಡೇಜಿರಲಿಲ್ಲ; ಅವಸರದಲ್ಲಿ ನೋವನ್ನು ಮರೆತಿದ್ದ.

"ನನ್ನ ಮನೆ ಮಾರೋಕೆ ನೀನು ಯಾರೋ?"

"ಇವತ್ತಿನ ಮಟ್ಟಿಗೆ ನೀವೇ, ಭಾವ. ಕೂಗಿದೆ, ನೀವು ಬರ್ಲಿಲ್ಲ. ಅದಕ್ಕೆ ನಾನು ಬಂದೆ."

ಭಾವ ಹೊಲಿಗೆಯಮ್ಮನ ಕಡೆ ತಿರುಗಿದ. ಆಕೆ ಕೈ ಮುಗಿಯಲಿಲ್ಲ, ಎದ್ದು ಹೋಗಿ ಸ್ಟೂಲಿನ ಮೇಲೆ ಕೂತು ಯಾರೂ ಹೇಳದೆಯೇ ಗಲ್ಲ ಎತ್ತಿದರು. ಟೇಪು ಫೋಟೋದಲ್ಲಿ ಬಂದಿದೆ. ನಮ್ಮ ಮಹಾಶಯ ಅದನ್ನು ಹಾಗೇ ಬಿಟ್ಟ. ಭಾವ ನಿಮ್ಮನ್ನೆಲ್ಲ ಒಂದು ಕೈ ನೋಡಿಕೊಳ್ಳುತ್ತೇನೆ ಎಂದು ಹೇಳಿ, ಹೋಗುವಾಗ ಟೀ ದುಡ್ಡು ಕೊಡದೆ ಹೋದ. ಅಂಗಡಿಯವನು ಪರವಾಗಿಯವರನ್ನು ಕೇಳಿದ, ಅವರು ಕೊಟ್ಟರು. ಅದನ್ನೂ ಪರವಾಗಿಯೇ ಬರೆದುಕೋ ಎಂದರು.

ಸಂಜೆ ಮನೆಯಲ್ಲಿ ಹೆಂಡತಿಗೆ ಸುದ್ದಿ ಮುಂಚೆಯೇ ತಲುಪಿತ್ತು. ಊಟಕ್ಕೆ ಬಡಿಸಿದರು. ತಾವೂ ಬಡಿಸಿಕೊಂಡು ಎದುರಿಗೆ ಕೂತರು. ಮೂಲೆಯಲ್ಲಿ ಬಕೆಟ್ಟು ಆಗಲೇ ತನ್ನ ಜಾಗಕ್ಕೆ ಬಂದಿತ್ತು. ಅಣ್ಣ ಎರಡು ಕೋಣೆ ಕೊಡುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಗೊತ್ತಿರುವುದರಿಂದ ಸಿಟ್ಟು ಕಡಿಮೆಯಾಗುವುದಿಲ್ಲ. ತುತ್ತು ಕೈಯಲ್ಲೇ ಹಿಡಿದು ಕೇಳಿದರು:

"ಒಂದ್ ಮಾತು ಹೇಳಿ. ಆ ಮನೆ ನನ್ನ ಹೆಸರಲ್ಲಿದ್ದು, ನಾನೇ ಸಹಿ ಹಾಕಲ್ಲ ಅಂತ ಕೂತಿದ್ರೆ? ನನ್ನ ಪರವಾಗಿನೂ ಹಾಕಿಬಿಡ್ತಿದ್ರಾ?"

ಪರವಾಗಿಯವರು ಅಗಿಯುತ್ತಿದ್ದದ್ದನ್ನು ನುಂಗಿದರು, ನೀರು ಕುಡಿದರು.

"ಮೊದಲು ಹೆಸರು ಕೂಗ್ತಿದ್ದೆ," ಎಂದರು. "ಆಮೇಲೆ ಹಾಕ್ತಿದ್ದೆ."